ಬಲಬಾಗಿಲು, ಕೊಂಚ ಕೆಳಗೆ

ಮಾರುಮೊರಿಯ ಗುಡ್ಡದಲ್ಲಿ, ಪರ್ಸಿಮನ್ ಒಣಗಿಸುವ ಕೊಟ್ಟಿಗೆಯೊಳಗೆ
ಇಪ್ಪತ್ತೆಂಟು ಚಳಿಗಾಲ ನಿಂತಿತ್ತು ಈ ಫೇರ್‌ಲೇಡಿ.
ಬಾನೆಟ್ ಮೇಲೆ ಹಣ್ಣಿನ ಸಿಪ್ಪೆ,
ಸೀಟಿನೊಳಗೆ ಇಲಿಯ ಬಾಣಂತಿಕೋಣೆ,
ನಾಲ್ಕೂ ಚಕ್ರ ಮಣ್ಣಿನೊಡನೆ ನೆಂಟಸ್ತನ ಬೆಳೆಸಿ.
ತೋಟದವನು ಹೇಳಿದ ಬೆಲೆಗೆ ಚೌಕಾಸಿ ಮಾಡಲಿಲ್ಲ ನಾನು.
ಅವನೇ ನಾಚಿ ಒಂದು ಬುಟ್ಟಿ ಹಣ್ಣು ಕೊಟ್ಟ.

ಶಿಯೊಗಾಮದ ಹಡಗುಕಟ್ಟೆಯಲ್ಲಿ ನಾನು ಬೆಸುಗೆಯವಳು.
ಮೂವತ್ತೊಂದು ವರ್ಷ ಟ್ಯೂನಾ ದೋಣಿಗಳ ಹೊಟ್ಟೆ ಹೊಲಿದಿದ್ದೇನೆ,
ಬೆರಳು ದಪ್ಪದ ಉಕ್ಕು; ಬೈದರೂ ತಡೆದುಕೊಳ್ಳುತ್ತದೆ.
ಇದರ ತಗಡೋ, ಹಪ್ಪಳ.
ಕಿಡಿ ಮುಟ್ಟಿದ್ದೇ ತಡ, ತೂತು.
ತೂತು ಮುಚ್ಚಹೋದರೆ ಪಕ್ಕದಲ್ಲೇ ಅದರ ತಂಗಿ.
ಆ ರಾತ್ರಿ ಹೆಲ್ಮೆಟ್ ಕಳಚಿ
ಗ್ಯಾರೇಜಿನ ನೆಲದಲ್ಲಿ ಕೂತು ಒಬ್ಬಳೇ ನಕ್ಕೆ.
ಐವತ್ತೇಳಕ್ಕೆ ಮತ್ತೆ ಅಕ್ಷರಾಭ್ಯಾಸ.
ಒಂದು ಚುಕ್ಕೆ. ಕಾಯಬೇಕು.
ಇನ್ನೊಂದು ಚುಕ್ಕೆ. ಕಾಯಬೇಕು.

ಸೀಟಿನಡಿ ಸಿಕ್ಕಿದ್ದು: ಹೆದ್ದಾರಿ ಸುಂಕದ ಚೀಟಿ,
ಜೋಡಿಯಿಲ್ಲದ ಕಿವಿಯೋಲೆ, ಪಚಿಂಕೊ ಗುಂಡು ಎರಡು.
ಓಲೆಯನ್ನು ತೊಳೆದು ಕಿಟಕಿಯಲ್ಲಿಟ್ಟಿದ್ದೇನೆ,
ಯಾರೂ ಕೇಳಿ ಬರುವುದಿಲ್ಲವೆಂದು ಗೊತ್ತಿದ್ದೂ.

ಎದುರುಮನೆಯ ಕುರಾಮೊಚಿ, ನಿವೃತ್ತ ಬಸ್ ಡ್ರೈವರ್,
ಸಂಜೆ ಸಂಜೆ ಟೀ ಲೋಟ ಹಿಡಿದು ಬಂದು ತೀರ್ಪು ಕೊಡುತ್ತಾನೆ:
"ಹುಟ್ಟಿದ ಬಣ್ಣವೇ ಬಣ್ಣ, ಕಿನುಯೊ ಸಾನ್. ಬಿಳಿ ಬಳಿಯಿರಿ.
ಒಂದು ತಿರುಪೂ ಬದಲಾಗಬಾರದು."
ತಾನು ಮಾತ್ರ ಮೀಸೆಗೆ ಕಪ್ಪು ಹಚ್ಚುತ್ತಾನೆ.
ನನಗೆ ಬೇಕಾದದ್ದು ಆ ಕೊಟ್ಟಿಗೆಯಲ್ಲಿ ತೂಗುತ್ತಿದ್ದ ಹಣ್ಣಿನ ಬಣ್ಣ,
ಮಾಗಿ, ಇನ್ನೇನು ಕಪ್ಪಾಗುವ ಮುಂಚಿನದು;
ಅಗಲ ಚಕ್ರ, ಅದಕ್ಕೆ ತಕ್ಕ ಉಬ್ಬುಗೆನ್ನೆಯ ಮಡ್‌ಗಾರ್ಡು,
ಮೂರು ಕಾರ್ಬ್ಯುರೇಟರು, ಮೂರಕ್ಕೂ ಬೇರೆ ಬೇರೆ ಮುನಿಸು.

ಬಲಬಾಗಿಲು ಮೂರು ಭಾನುವಾರ ತಿಂದಿತು.
ಮುಚ್ಚಿದರೆ ಹಿಂದಿನ ಅಂಚು ಎದ್ದು ನಿಲ್ಲುತ್ತದೆ,
ಬಾಚಣಿಗೆಗೆ ಬಗ್ಗದ ಕೂದಲಿನ ಹಾಗೆ.
ಕೀಲಿನಡಿ ತಗಡಿನ ಚೂರು ಕೊಟ್ಟೆ, ಇನ್ನೊಂದು ಕೊಟ್ಟೆ,
ಎತ್ತಿದೆ, ಇನ್ನೂ ಎತ್ತಿದೆ.
ಪುಸ್ತಕದ ಅಳತೆಗೆ ತಂದೆ.
ಪುಸ್ತಕ ಮುಚ್ಚಿತು. ಬಾಗಿಲು ಮುಚ್ಚಲಿಲ್ಲ.

ನಾಲ್ಕನೆಯ ಭಾನುವಾರ, ಬೇಸರಕ್ಕೆ,
ಒಳಗಿನ ಹೊದಿಕೆ ಕಿತ್ತು ನೋಡಿದೆ.
ಬಣ್ಣ ಕಾಣದ ಬರಿ ತಗಡಿನ ಮೇಲೆ ಹಳದಿ ಪೆನ್ಸಿಲ್:
'ಬಲ. ಕೊಂಚ ಕೆಳಗೆ.'
ಅಕ್ಷರಗಳು ಓಡುತ್ತಿವೆ, ಕೊನೆಯ ಗೆರೆ ಬಾಲದಂತೆ ಎಳೆದುಹೋಗಿದೆ,
ಹಿಂದೆ ಇನ್ನೊಂದು ಕಾರು ಬರುತ್ತಿತ್ತೇನೋ.
ಯಾರಿಗೆ ಬರೆದೆ, ಮಾರಾಯ?
ಸಾಲಿನಲ್ಲಿ ಮುಂದೆ ನಿಂತವನಿಗೆ ತಾನೆ?
ಅವನು ಓದುವಷ್ಟರಲ್ಲಿ ಊಟದ ಗಂಟೆ ಹೊಡೆದಿರಬೇಕು.
ಐವತ್ತೆರಡು ವರ್ಷ ತಡವಾಗಿ
ಮುಂದೆ ನಿಂತವಳು ನಾನು.

ಕೊಂಚ ಎಂದರೆ ಎಷ್ಟು?
ಕಾರ್ಖಾನೆಯ ಕೊಂಚವೂ ಅಡುಗೆಮನೆಯ ಕೊಂಚದಂತೆ,
ಕೈಗೆ ಗೊತ್ತು, ಬಾಯಿಗೆ ಬಾರದು.
ಕೊಟ್ಟ ಚೂರೆಲ್ಲ ತೆಗೆದೆ. ಭುಜ ಕೊಟ್ಟು ಒತ್ತಿದೆ. ಬಿಗಿದೆ.
ಮುಚ್ಚಿದೆ.

ಟಪ್.

ಎದುರುಮನೆಯ ಕಿಟಕಿ ತೆರೆಯಿತು. "ಏನದು?"
ಇನ್ನೊಮ್ಮೆ. ಟಪ್.
ಕುರಾಮೊಚಿ ಮನೆಯ ಚಪ್ಪಲಿಯಲ್ಲೇ ಬಂದ,
ತಾನೂ ಏಳು ಸಲ ತೆಗೆದು ಮುಚ್ಚಿದ.
ಅವತ್ತು ಬಣ್ಣದ ಮಾತೆತ್ತಲಿಲ್ಲ.

ಎಂಜಿನ್ ಇನ್ನೂ ಪೆಟ್ಟಿಗೆಯಲ್ಲಿದೆ.
ಆರು ಪಿಸ್ಟನ್ನು ಹಳೆ ಪತ್ರಿಕೆ ಹೊದ್ದು ಮಲಗಿವೆ.
ಈ ವರ್ಷ ಓಡುವುದಿಲ್ಲ, ಬಹುಶಃ ಬರುವ ವರ್ಷವೂ.

ಹೊದಿಕೆ ಮುಚ್ಚುವ ಮೊದಲು
ಕಟ್ಟೆಯಲ್ಲಿ ಉಕ್ಕಿಗೆ ಗುರುತು ಹಾಕುವ ಬಳಪ ತಂದೆ.
ಏನಾದರೂ ಚೆನ್ನಾದದ್ದು ಬರೆಯೋಣವೆಂದು
ಹತ್ತು ನಿಮಿಷ ಕೂತೆ. ಹೊಳೆಯಲಿಲ್ಲ.
ಕಡೆಗೆ, ಅವನ ಹಳದಿಯ ಕೆಳಗೆ:

'ನೀನು ಹೇಳಿದ್ದು ಸರಿ ಇತ್ತು.
ಕಿಟಕಿ ಹಿಡಿಯ ತಿರುಪು ಬಹಳ ಬಿಗಿಯಬೇಡಿ.
ಎರಡು ಮುರಿದೆ.'